ತಿಪ್ಪೆಗೆ ಕೊಟ್ಟ ಕೂಸು

ಜನಗಣತಿ ಬಂತೆಂದರೆ ನಮ್ಮ ಶಾಲೆಯ ಮಾಸ್ತರರಿಗೆಲ್ಲ ಇಲ್ಲದ ಬೇನೆಗಳು ಶುರುವಾಗುತ್ತಿದ್ದವು. ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಸೊಂಟ, ಮತ್ತೊಬ್ಬರಿಗೆ ಸರಿಯಾಗಿ ಅದೇ ವಾರ ಮಗಳನ್ನು ನೋಡಲು ಗಂಡಿನವರು. ತೊಂಬತ್ತೊಂದರ ಗಣತಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳು ನನ್ನ ಪಾಲಿಗೆ ಬಂದದ್ದು ಹೀಗೆ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಹೆಡ್‌ಮಾಸ್ತರರಿಗೆ ನಾಲ್ಕು ಮಾತು ಅಂದೇ ಕಾಗದದ ಕಟ್ಟು ಇಸಿದುಕೊಂಡೆ.

ನಮ್ಮ ಶಾಲೆ ಇದ್ದದ್ದು ಹಾರೂಗೇರಿಯಿಂದ ಸ್ವಲ್ಪ ಆಚೆಗೆ, ಕಬ್ಬಿನ ನಡುವೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ, ಎಂಬತ್ತರ ಆಸುಪಾಸು, ಕಬ್ಬು ಕಡಿಯುವವರು ದಸರೆ ಮುಗಿದ ಮೇಲೆ ಗಡಿಯಾಚೆಯ ಬೀಡ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹಂಗಾಮು ಮುಗಿದರೆ ಹೋಗಿಬಿಡುತ್ತಿದ್ದರು. ಹಿಂದೆ ಉಳಿಯುತ್ತಿದ್ದದ್ದು ಒಲೆಯ ಮೂರು ಕಲ್ಲು ಮಾತ್ರ. ಒಂದು ವರ್ಷ ಎರಡು ಕುಟುಂಬ ಹೋಗಲಿಲ್ಲ. ಮರುವರ್ಷ ಅವರ ತಮ್ಮಂದಿರು ಬಂದು ಉಳಿದರು, ಆಮೇಲೆ ತಮ್ಮಂದಿರ ಹೆಂಡಿರ ತವರಿನವರು. ನೋಡನೋಡುತ್ತಿದ್ದಂತೆ ಅಲ್ಲೊಂದು ಓಣಿಯೇ ಎದ್ದಿತು, ಓಣಿಗೊಂದು ಚಹಾದಂಗಡಿ, ಕುಂಕುಮ ಬಳಿದ ಒಂದು ದೇವರ ಕಲ್ಲು. ನನ್ನ ಒಂದನೇ ಇಯತ್ತೆಯಲ್ಲಿ ಅರ್ಧ ಮಕ್ಕಳು ಅವರವೇ ಆದರು. ಆ ಮಕ್ಕಳು ಅಳುವುದು ಮರಾಠಿಯಲ್ಲಿ, ಜಗಳಾಡುವುದು ಕನ್ನಡದಲ್ಲಿ.

ಊರ ಹೋಟೆಲಿನಲ್ಲಿ ಗಂಡಸರಿಗೆ ಇದೇ ಚರ್ಚೆ. “ಇವ್ರು ಹಿಂಗ ಹೆಚ್ಕೋಂತ ಹೋದ್ರ ನಾಳಿ ನಾವ ಇಲ್ಲಿ ಪರದೇಶಿಗೋಳು” ಎನ್ನುತ್ತಿದ್ದರು. ಹಾದುಹೋಗುವಾಗ ಒಮ್ಮೆ ಕಿವಿಗೆ ಬಿದ್ದು, “ಹಂಗಾರ ನಾಳಿಂದ ನಿಮ್ಮ ಕಬ್ಬು ನೀವ ಕಡೀರಿ ಮತ್ತ” ಅಂದುಬಿಟ್ಟೆ. ಆಮೇಲೆ ನನ್ನನ್ನು ಕಂಡರೆ ಚಹಾದ ಕಪ್ಪಿನೊಳಗೆ ಮುಖ ಹಾಕುತ್ತಿದ್ದರು.

ಗಣತಿಗೆಂದು ಸಂಜೆಯ ಹೊತ್ತು, ಹೆಂಗಸರು ಹೊಲದಿಂದ ಬಂದು ಒಲೆ ಹಚ್ಚಿದ ಮೇಲೆ ಹೋದೆ. ಮೊದಲ ಗುಡಿಸಲಲ್ಲೇ ತಲೆ ಕೆಟ್ಟಿತು. ಎಷ್ಟು ಮಂದಿ ಎಂದರೆ “ಒಂದ ಕೊಯತಾ” ಎನ್ನುತ್ತಾರೆ. ಕೊಯತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಕಡಿಯಬೇಕು, ಹೆಂಡತಿ ಕಟ್ಟಬೇಕು, ಇಬ್ಬರೂ ಸೇರಿ ಒಂದು ಕತ್ತಿಯ ಲೆಕ್ಕ. ಮಕ್ಕಳು ಲೆಕ್ಕದಲ್ಲೇ ಇಲ್ಲ. ತಾಯಿಮಾತು ಯಾವುದು ಎಂದರೆ ಒಬ್ಬಳು ನಕ್ಕಳು: “ನಂದು ಮರಾಠಿರಿ ಅಕ್ಕಾರ. ಹುಡುಗೂರ್ದು ಯಾವದ ಬೇಕಾದ್ರ ಬರ್ಕೋರಿ, ನನ್ನ ಬೈಯೂದಂತೂ ಕನ್ನಡದಾಗ ಬೈತಾವು.” ಎರಡೂ ಭಾಷೆಯ ಪುಢಾರಿಗಳು ಬಂದು ಹೀಗೇ ಬರೆಸಿರಿ, ಹಾಗೇ ಬರೆಸಿರಿ ಎಂದು ಹೆದರಿಸಿ ಹೋಗಿದ್ದರು. ಅವಳು ಯಾರಿಗೂ ಸೊಪ್ಪು ಹಾಕಿರಲಿಲ್ಲ.

ಆ ಹುಡುಗಿ ನನ್ನ ಕಣ್ಣಿಗೆ ಬಿದ್ದದ್ದು ನಾಲ್ಕೈದು ಮನೆ ಮುಗಿಸಿದ ಮೇಲೆ. ಐದಾರು ವರ್ಷದವಳಿರಬೇಕು. ಎಣ್ಣೆ ಕಾಣದ ಕೂದಲು, ಅವಳ ಅಳತೆಗೆ ದೊಡ್ಡದಾದ ಅಂಗಿ. ನಾನು ಯಾವ ಗುಡಿಸಲಿಗೆ ಹೋದರೂ ಅದರ ಬಾಗಿಲ ಪಕ್ಕದಲ್ಲಿ ಕೂತಿರುತ್ತಿದ್ದಳು. ಇದಾವ ಮನೆಯ ಕೂಸು, ಬರೆದೆನೋ ಬಿಟ್ಟೆನೋ ಎಂದು ಅನುಮಾನವಾಯಿತು. ಆ ಮನೆಯಾಕೆಯನ್ನು ಕೇಳಿದೆ: “ಈ ಹುಡುಗಿ ಯಾರದು?”

ಆಕೆ ನಾನು ಬೆರಳು ಮಾಡಿದ ಕಡೆ ತಿರುಗಿದಳು, ಸರಿಯಾಗಿ ಹುಡುಗಿಯ ಮುಖದ ಮೇಲೆಯೇ ಕಣ್ಣು ಹಾಯಿಸಿದಳು. “ಯಾವ ಹುಡುಗಿರಿ?” ಅಂದಳು.

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮುಂದಿನ ಮನೆಯಲ್ಲಿ ಕೇಳಿದೆ. ಅಲ್ಲಿ ಗಂಡ, ಹೆಂಡತಿ, ಅತ್ತೆ ಮೂವರೂ ಆ ಕಡೆ ನೋಡಿ, “ಅಲ್ಲಿ ಯಾರೂ ಇಲ್ಲಲ್ರಿ” ಎಂದರು. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ದಿನಾ ಅದನ್ನೇ ನೋಡಿ ಸಂಬಳ ತಿನ್ನುತ್ತೇನೆ. ಇವರ ಮುಖದಲ್ಲಿ ಅದು ಇರಲಿಲ್ಲ. ಅಷ್ಟರಲ್ಲಿ ಹುಡುಗಿ ಸೀನಿದಳು. ಕೂಸು ಸೀನಿದರೆ ನಮ್ಮ ಕಡೆ “ನೂರು ವರ್ಷ” ಅನ್ನದ ಹೆಂಗಸಿಲ್ಲ. ಓಣಿಯ ತುಂಬ ಹೆಂಗಸರಿದ್ದರು, ಒಬ್ಬಳೂ ತುಟಿ ಬಿಚ್ಚಲಿಲ್ಲ. ಹಗಲಿನ ಬಿಸಿಲಿಗೆ ತಲೆ ತಿರುಗಿ ಇಲ್ಲದ್ದನ್ನು ಕಾಣುತ್ತಿದ್ದೇನೆಯೇ, ಅಯ್ಯೋ ಶಿವನೇ ಅನ್ನಿಸಿತು.

ಆಗ ಒಬ್ಬಳು ರೊಟ್ಟಿಯ ತುಂಡೊಂದನ್ನು ತಂದು ಹುಡುಗಿಯ ಮುಂದಿನ ಕಲ್ಲಿನ ಮೇಲಿಟ್ಟು, ಹುಡುಗಿಯತ್ತ ನೋಡದೆ ಹಾಗೇ ಹೊರಟಳು. ನಾಯಿಯೊಂದು ಬಾಯಿ ಹಾಕಲು ಬಂತು. ಅವಳೇ ತಿರುಗಿ ಬಂದು ನಾಯಿಯನ್ನು ಅಟ್ಟಿದಳು, ಮತ್ತೆ ನೋಡದೆ ಹೋದಳು. ಹುಡುಗಿ ರೊಟ್ಟಿ ತೆಗೆದುಕೊಂಡು ತಿಂದಳು. ನನ್ನ ಜೀವ ಒಂದಿಷ್ಟು ತಿರುಗಿ ಬಂತು.

ಚಹಾದಂಗಡಿಯ ಮುದುಕಿ ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದಳು. “ಕೇಳಬ್ಯಾಡ್ರಿ ಅಕ್ಕಾರ. ಅದರ ಅವ್ವಗ ಮದಲ ಮೂರು ಆಗಿ ಮೂರೂ ಹೋಗ್ಯಾವು. ಇದನ್ನ ಹುಟ್ಟಿದ ದಿನಾನ ಮೊರದಾಗಿಟ್ಟು ತಿಪ್ಪಿಗಿ ಕೊಟ್ಟೇವಿ. ಈಗ ಅದು ಯಾರದೂ ಅಲ್ಲ. ಹಾಲಹಲ್ಲು ಬೀಳೂತನಕ ಯಾರೂ ಅದನ್ನ ನೋಡೂದಿಲ್ಲ, ಕರಿಯೂದಿಲ್ಲ, ಎಣಸೂದಿಲ್ಲ. ಎಣಸಿದ್ರ ಅಂವಗ ಗೊತ್ತಾಕೈತಿ.”

“ಯಾಂವಗ?” ಅಂದೆ.

ಮುದುಕಿ ಒಲೆಯ ಬೂದಿಯನ್ನು ಕೆದಕತೊಡಗಿದಳು.

ನಮ್ಮಲ್ಲೂ ಇದು ಇಲ್ಲವೆಂದಲ್ಲ. ಮಕ್ಕಳು ದಕ್ಕದಿದ್ದರೆ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಕಲ್ಲು ಮಣ್ಣು ಎಂದು ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುತ್ತಾರೆ. ಆದರೆ ಅದೇ ಗಳಿಗೆಯಲ್ಲಿ ಎತ್ತಿಕೊಂಡು ಮನೆಗೆ ಬರುತ್ತಾರೆ. ಇವರು ಕೊಟ್ಟದ್ದನ್ನು ಕೊಟ್ಟೇಬಿಟ್ಟಿದ್ದರು. ಇಡೀ ಓಣಿ ಕೂಡಿ ಒಂದು ಕೂಸನ್ನು ಸಾಕುತ್ತಿತ್ತು, ಇಡೀ ಓಣಿ ಕೂಡಿ ಅದನ್ನು ಇಲ್ಲವೆನ್ನುತ್ತಿತ್ತು.

ತಾಯಿಯ ಗುಡಿಸಲು ಕಡೆಯದು. ರೊಟ್ಟಿ ಬಡಿಯುತ್ತಿದ್ದಳು. ಮಕ್ಕಳೆಷ್ಟು ಎಂದು ಕೇಳಿದಾಗ ಕೈ ಒಂದು ಕ್ಷಣ ನಿಂತಿತು. “ನನಗ ಮಕ್ಕಳಿಲ್ರಿ” ಎಂದು ಮತ್ತೆ ಬಡಿಯತೊಡಗಿದಳು. ಮಗಳು ಮೂರು ಮಾರು ದೂರದಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಬಯ್ಯಬೇಕೆಂದು ಬಾಯಿ ತೆರೆದವಳು ಅವಳ ಮುಖ ನೋಡಿ ಕಾಗದದ ಕಟ್ಟು ಮಡಚಿದೆ. ಮೂರನ್ನು ಮಣ್ಣಿಗೆ ಕೊಟ್ಟವಳಿಗೆ ನಾನೇನು ಬುದ್ಧಿ ಹೇಳಲಿ?

ಗಣತಿಯ ಮೇಲ್ವಿಚಾರಕರಿಗೆ ಹೇಳಿದರೆ, “ಕೋಟಿಗಟ್ಟಲೆ ಮಂದ್ಯಾಗ ಒಂದ ಹುಡುಗಿ, ಬಿಡ್ರಿ ಅತ್ಲಾಗ” ಎಂದರು. ಬಿಡಲು ನನ್ನಿಂದ ಆಗಲಿಲ್ಲ. ಯಾವುದಾದರೊಂದು ಮನೆ ತನ್ನದು ಎನ್ನದೆ ಬರೆಯಲೂ ಬರುವುದಿಲ್ಲ. ಊಟಕ್ಕೆ ಕೂತರೆ ಆ ಕಣ್ಣುಗಳೇ ಎದುರಿಗೆ. ಯಾರೂ ಹೆಸರು ಹಿಡಿದು ಕರೆಯದ ಕೂಸು ತನ್ನನ್ನು ತಾನು ಏನೆಂದು ತಿಳಿದುಕೊಂಡಿರುತ್ತದೆ ಎಂಬುದು ನನ್ನನ್ನು ಕೊರೆಯುತ್ತಿತ್ತು.

ಗಣತಿ ಮುಗಿದ ಮೇಲೆ ಇನ್ನೊಂದು ಸುತ್ತು ಹೋಗಿ, ನಡುವೆ ಯಾರಾದರೂ ಹುಟ್ಟಿದರೇ, ಸತ್ತರೇ ಎಂದು ಕೇಳಬೇಕಿತ್ತು. ಈ ಸಲ ಶಾಲೆಯ ಬಿಡುವಿನಲ್ಲಿ, ನಡುಮಧ್ಯಾಹ್ನ ಹೋದೆ. ಓಣಿ ಬರಿದು. ಎಲ್ಲೋ ಕಬ್ಬಿನ ಒಣ ಎಲೆ ಸುಡುತ್ತಿದ್ದರು, ಕರಿ ಬೂದಿ ಎಲ್ಲ ಗುಡಿಸಲುಗಳ ಮೇಲೆ ಸದ್ದಿಲ್ಲದೆ ಉದುರುತ್ತಿತ್ತು. ಕಡೆಯ ಗುಡಿಸಲಿನ ಮುಂದೆ ಆ ಹುಡುಗಿ ಒಬ್ಬಳೇ ಕೂತಿದ್ದಳು. ಅವಳ ಕೂದಲಿನ ಮೇಲೂ ಬೂದಿ. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ನಾನು ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕೇಳಿದಳು:

“ಅಕ್ಕಾರ, ನಾ ಅದೀನೇನ್ರಿ?”

ದನಿ ಒರಟಾಗಿತ್ತು, ಬಳಸದೆ ಇಟ್ಟ ದನಿ. ಅವಳ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು.

“ಅದೀ” ಅಂದೆ. “ಅದೀ ಬೇ, ಹುಚ್ಚಿ.”

ಒಳಗೆ ಏನೋ ಬಿದ್ದ ಸಪ್ಪಳವಾಯಿತು. ತಾಯಿ ಜ್ವರ ಬಂದು ಅಂದು ಕೆಲಸಕ್ಕೆ ಹೋಗದೆ ಮಲಗಿದ್ದಳಂತೆ. ಬಾಗಿಲ ಗೋಣಿತಟ್ಟು ಸರಿಸಿ ಹೊರಗೆ ಬಂದಳು. ಕಣ್ಣು ಕೆಂಡ. ಮಗಳ ಪ್ರಶ್ನೆ ಅವಳ ಕಿವಿಗೆ ಬಿದ್ದಿತ್ತು.

“ಅದಾಳ್ರಿ” ಅಂದಳು. “ನನ್ನ ಮಗಳು. ನಾನ ಹಡದೇನಿ. ಬರೀರಿ.”

ಹೇಳಿದ್ದೇ ತಡ, ಮಗಳನ್ನು ಎಳೆದು ಸೆರಗಿನೊಳಗೆ ಮುಚ್ಚಿಕೊಂಡು ಓಣಿಯ ಆ ತುದಿ, ಈ ತುದಿ ನೋಡಿದಳು, ಯಾರೋ ಕೇಳಿಸಿಕೊಂಡು ಹೊರಟೇಬಿಟ್ಟಿದ್ದಾರೆ ಎಂಬಂತೆ. ನಾನೂ ನೋಡಿದೆ. ಬೂದಿ ಬೀಳುತ್ತಿತ್ತು, ಅಷ್ಟೇ. ನಾನು ಬರೆದೆ. ಹೆಸರನ್ನು ಅವಳು ಪಿಸುಗುಟ್ಟಿ ಹೇಳಿದಳು.

“ಇದು ಅಂವಗ ಕಾಣ್ತೈತೇನ್ರಿ?” ಎಂದು ಕೇಳಿದಳು.

“ಇದು ಸರ್ಕಾರಕ್ಕ ಹೋಗೂದವ್ವಾ. ಸರ್ಕಾರಕ್ಕ ಕಣ್ಣು ಮಂಜು” ಅಂದೆ. ಅವಳು ನಗಲಿಲ್ಲ.

ಜೂನಿನಲ್ಲಿ ಅವಳೇ ಮಗಳನ್ನು ಕರೆತಂದು ಒಂದನೇ ಇಯತ್ತೆಗೆ ಸೇರಿಸಿದಳು. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಓಣಿಯ ಹೆಂಗಸರು ತಾಯಿಯೊಡನೆ ಮಾತು ಕಡಿಮೆ ಮಾಡಿದ್ದರು. ದಿನಾ ಬೆಳಿಗ್ಗೆ ನಾನು ಹಾಜರಿ ಕೂಗುವಾಗ ಅವಳು ಕಿಟಕಿಯ ಹೊರಗೆ, ಕಳೆ ತೆಗೆಯುವ ಕುರ್ಪಿ ಹಿಡಿದುಕೊಂಡು ನಿಂತಿರುತ್ತಿದ್ದಳು. ಮಗಳು ದನಿ ಕೊಟ್ಟ ಮೇಲೆಯೇ ಹೊಲಕ್ಕೆ ಹೋಗುವುದು. ಹೋಗವ್ವಾ, ಕೂಲಿ ತಪ್ಪುತ್ತದೆ ಎಂದು ಎಷ್ಟು ಗದರಿಸಿದರೂ ಕೇಳುತ್ತಿರಲಿಲ್ಲ.

ಒಂದು ದಿನ ಹುಡುಗಿಗೆ ಏನು ಹೊಳೆಯಿತೋ, ಹೆಸರು ಕೂಗಿದರೆ ಓಗೊಡಲಿಲ್ಲ. ಪಕ್ಕದವಳೊಡನೆ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿದ್ದಳು. ಮಕ್ಕಳಾಟ. ನಾನು ಎರಡನೇ ಸಲ ಕೂಗಿದೆ. ಆಗಲೂ ಇಲ್ಲ. ಕಿಟಕಿಯ ಆಚೆ ಕುರ್ಪಿ ಕಲ್ಲಿನ ಮೇಲೆ ಬಿತ್ತು, ಅದರ ಹಿಂದೆಯೇ ಒಂದು ದನಿ ಬಂತು. ಅಂಥ ದನಿಯನ್ನು ನಾನು ಮನುಷ್ಯರ ಬಾಯಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಹುಡುಗಿ ಎದ್ದು ಕಿಟಕಿಗೆ ಓಡಿ, ಸರಳುಗಳ ನಡುವೆ ಎರಡೂ ಕೈ ಹೊರಗೆ ಚಾಚಿ ಕೂಗತೊಡಗಿದಳು:

“ಅದೀನವ್ವಾ! ಅದೀನಿ, ಅದೀನಿ!”