ಅಳಿಸಿಹೋಗುವ ಆರು ಹೆಜ್ಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜು ಮೈದಾನದ ಅಂಚಿನಲ್ಲಿ ಸುಣ್ಣದ ಪುಡಿ ತುಂಬಿದ ಗಾಡಿ ತಳ್ಳುತ್ತಾ ಒಬ್ಬರು ನಡೆಯುತ್ತಿದ್ದಾರೆ. ಫುಟ್‌ಬಾಲ್ ತಂಡದ ಹುಡುಗರು ಅವರನ್ನು ಕರೆಯುವುದು ಗೆರೆಯಣ್ಣ ಎಂದೇ. ತಂಡದ ಬೆಂಚಿನ ಮುಂದೆ ಬಂದಾಗ ಮಾತ್ರ ಅವರು ನಿಂತು, ಒಮ್ಮೆ ಹಿಂತಿರುಗಿ ನೋಡುತ್ತಾರೆ.

ಮೂವತ್ತೊಂದು ವರ್ಷದ ಕೆಲಸ. ಪಂದ್ಯಕ್ಕೆ ಮೂರು ಮೂಟೆ ಸುಣ್ಣ, ಎರಡೂವರೆ ಗಂಟೆ ನಡಿಗೆ, ಸಂಜೆಗೆ ಮಂಡಿನೋವು. "ಗೆರೆ ನೇರ ಬರ್ಲಿ ಅಂತ ದಾರ ಕಟ್ಟೋದೆಲ್ಲ ಹೊಸಬರಿಗೆ. ನಂಗೆ ಎದುರಿನ ಕಂಬ ಕಂಡ್ರೆ ಸಾಕು" ಎನ್ನುತ್ತಾರೆ. ಸ್ವಲ್ಪ ಜಂಬವಿದೆ, ಇರಲಿ ಬಿಡಿ.

ಈ ಸೀಸನ್ನಿನಲ್ಲಿ ಪೆಟ್ಟು ಬಿದ್ದದ್ದು ಆ ಜಂಬಕ್ಕೇ. ಹಳೆಯ ಕೋಚ್ ಕಳೆದ ವರ್ಷ ತೀರಿಕೊಂಡರು. ಪಂದ್ಯದುದ್ದಕ್ಕೂ ಬೆಂಚಿನ ಮುಂದೆ ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ, ಎಡಗಾಲು ಎಳೆಯುತ್ತಾ ಓಡಾಡಿ ಗೆರೆ ಅಳಿಸುವುದು ಅವರ ಚಾಳಿಯಾಗಿತ್ತು. ಹೊಸ ಮುಖ್ಯ ಕೋಚ್ ಬಂದ ಮೇಲಿನ ಮೊದಲ ಪಂದ್ಯದ ಬೆಳಿಗ್ಗೆ, ಗೆರೆ ಎಳೆದು ಅರ್ಧ ಗಂಟೆಯೂ ಆಗಿರಲಿಲ್ಲ, ಬೆಂಚಿನ ಮುಂದೆ ಸರಿಯಾಗಿ ಅಷ್ಟೇ ಜಾಗ ಅಳಿಸಿಹೋಗಿತ್ತು. ಸುತ್ತ ನರಪಿಳ್ಳೆಯಿಲ್ಲ. ಎರಡನೆಯ ಪಂದ್ಯಕ್ಕೂ ಹಾಗೆಯೇ, ಮೂರನೆಯದಕ್ಕೂ. ತಂಡ ಮೂರನ್ನೂ ಸೋತಿತು.

"ನಿಮ್ ಕಣ್ಣು ಮಂಜಾಗಿದೆ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಹಾಕ್ಕೋತೀನಿ" ಎಂದರು ಹೊಸ ಕೋಚ್.

"ಈ ಗೆರೆ ಬಿಟ್ರೆ ನಂಗೆ ಬೇರೇನೂ ಬರಲ್ಲ. ನೀವೇ ಬಂದು ನೋಡಿ ಸರ್ ಅಂದೆ" ಎಂದು ಗೆರೆಯಣ್ಣ ನೆನೆಯುತ್ತಾರೆ.

ನಾಲ್ಕನೆಯ ಪಂದ್ಯದ ಬೆಳಿಗ್ಗೆ ಕೋಚ್ ಬಂದೇಬಿಟ್ಟರು. ಇಬ್ಬರೂ ಬೆಂಚಿನ ಮೇಲೆ ಕೂತು ಹೊಸ ಗೆರೆಯನ್ನೇ ದಿಟ್ಟಿಸಿದರು. ಗಾಳಿಯಿಲ್ಲ, ಒಂದು ಹುಲ್ಲೂ ಅಲುಗುತ್ತಿಲ್ಲ. ಕೋಚ್ ಶೂ ಲೇಸ್ ಕಟ್ಟಲು ಬಗ್ಗಿದರು, ಗೆರೆಯಣ್ಣ ಮುಖ ತಿರುಗಿಸಿ ಕೆಮ್ಮಿದರು. ಅಷ್ಟೇ. ಮತ್ತೆ ನೋಡಿದಾಗ ಸುಣ್ಣ ಚೆದುರಿತ್ತು. ಬಲಗಾಲಿನ ಗುರುತು ಸ್ಪಷ್ಟ, ಎಡಗಾಲಿನದು ಎಳೆದ ಉದ್ದನೆಯ ಗೀಟು. ಕೋಚ್ ಎದ್ದು ಸುಣ್ಣದ ಗಾಡಿಯನ್ನು ಅವರ ಕಡೆ ತಳ್ಳಿ, "ಇನ್ನೊಂದ್ಸಲ ಎಳೀರಿ ಅಣ್ಣಾ" ಎಂದರಂತೆ.

ಬೇರೆಯವರನ್ನು ಹಾಕಿಕೊಳ್ಳುವ ಮಾತು ಮತ್ತೆ ಬಂದಿಲ್ಲ. ಹೊಸ ಕೋಚ್ ಈಗ ಪಂದ್ಯದ ವೇಳೆ ಆ ಆರು ಹೆಜ್ಜೆ ಜಾಗ ಬಿಟ್ಟು, ಬೆಂಚಿನ ತುದಿಯಾಚೆ ನಿಲ್ಲುತ್ತಾರೆ. ತಂಡ ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ. ಗೆರೆಯಣ್ಣ ಮಾತ್ರ ಆ ತುಂಡನ್ನು ಪ್ರತಿ ಪಂದ್ಯಕ್ಕೂ ಎರಡು ಸಲ ಎಳೆಯುತ್ತಾರೆ.

ಇವತ್ತು ಸೀಸನ್ನಿನ ಕೊನೆಯ ಪಂದ್ಯ. ಆಸೆ ಏನಾದರೂ ಇದೆಯೇ ಎಂದರೆ ಗಾಡಿ ನಿಲ್ಲಿಸುತ್ತಾರೆ. "ಕೈ ನಡುಗದಿದ್ರೆ ಸಾಕು, ಇನ್ನೇನ್ ಬೇಕು." ಬೆಂಚಿನ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಬದುಕಿದ್ದಾಗ ಒಂದಿನಾನೂ ಗೆರೆ ಚೆನ್ನಾಗಿದೆ ಅನ್ನಲಿಲ್ಲ ಆ ಮನುಷ್ಯ. ಈಗ ನೋಡಿ, ಅದನ್ನ ಬಿಟ್ಟು ಹೋಗೋಕೇ ಆಗ್ತಿಲ್ಲ ಅವ್ರಿಗೆ."