ಕಂಬದೊಳಗಿನ ಚಿಪ್ಪಿ

ಕಾರ್ಯವಿದ್ದ ಮೇಲೆ ಕಾರಣ ಇರಲೇಬೇಕು ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ನಮ್ಮ ಕಡೆ ಅದಕ್ಕೊಂದು ಸಣ್ಣ ತಿದ್ದುಪಡಿ ಇದೆ: ಕಾರಣ ಕಾಂಟ್ರಾಕ್ಟರ್ ಆಗಿರಬಾರದು.

ಕೇಣಿಯಿಂದ ತುಸು ಆಚೆ ಹೊಸ ಮೀನು ಮಾರುಕಟ್ಟೆ ಕುಸಿಯಿತು. ಉದ್ಘಾಟನೆಯ ಪತಾಕೆಗಳ ಬಣ್ಣ ಇನ್ನೂ ಮಾಸಿರಲಿಲ್ಲ. ಬೆಳಗಿನ ವ್ಯಾಪಾರದ ಹೊತ್ತು. ಸ್ಲ್ಯಾಬು ಬುಟ್ಟಿಗಳ ಮೇಲೆ ಬಿತ್ತು. ಬುಟ್ಟಿಗಳ ಹಿಂದೆ ಹೆಂಗಸರು ಕೂತಿದ್ದರು. ನಾನು ಖಾಯಂ ಮೀನು ಕೊಳ್ಳುವ ದೇವಮ್ಮ ಬದುಕಿಕೊಂಡಳು. ಪಕ್ಕದಲ್ಲೇ ಕೂತಿದ್ದ ಅವಳ ತಂಗಿ ಹೋದಳು.

ಮರುದಿನ ನೋಡಲು ಹೋದೆ. ಮುರಿದ ಕಂಬಕ್ಕೆ ಬೆರಳಿಟ್ಟರೆ ಮರಳು ಉದುರುತ್ತಿತ್ತು. ಮರಳಿನಲ್ಲಿ ಚಿಪ್ಪಿ. ಸಾಕ್ಷಾತ್ ಸಮುದ್ರದ ಚಿಪ್ಪಿ. ಜೊತೆಗೆ ಬಂದಿದ್ದ ಹಣಕೋಣದ ಭಾವನಿಗೆ ತೋರಿಸಿದೆ.

"ಅದಾ? ಮಳೆಗಾಲದಲ್ಲಿ ಸಮುದ್ರ ಉಕ್ಕಿತ್ತಲ್ಲ ಭಾವಾ, ಆಗ ಹೊಕ್ಕಿರ್ಬೇಕು."

"ಕಾಂಕ್ರೀಟಿನ ಒಳಗಾ?"

"ಸಮುದ್ರಕ್ಕೆ ಎಂತ ಅಡ್ಡಿ ಮಾರಾಯಾ?"

ಸಮುದ್ರಕ್ಕೆ ಅಡ್ಡಿಯಿಲ್ಲ, ನಿಜ. ಸಮುದ್ರದ ಮರಳು ತುಂಬುವವರಿಗಂತೂ ಇಲ್ಲವೇ ಇಲ್ಲ.

ಎದುರಿನ ಚಾ ಅಂಗಡಿಯಲ್ಲಿ ಪಂಡಿತಸಭೆ ನೆರೆದಿತ್ತು. ಒಬ್ಬರಿಗೆ ಕಲ್ಲುಕ್ವಾರಿಯ ಸಿಡಿಮದ್ದು ಕಾರಣ. ಇನ್ನೊಬ್ಬರಿಗೆ ಭೂಕಂಪ. (ಆ ಅಂಗಡಿಯ ಒಂದು ಗ್ಲಾಸೂ ಅಲುಗಾಡದಂಥ ಸಂಭಾವಿತ ಭೂಕಂಪ!) ಮೂರನೆಯವರು ಚೀನಾದ ಸಬ್‌ಮರೀನನ್ನೇ ಕಾರವಾರದವರೆಗೆ ತಂದು ನಿಲ್ಲಿಸಿದರು.

ಆದರೆ ಸರ್ವಾನುಮತ ಸಿಕ್ಕಿದ್ದು ಬೇರೆಯದಕ್ಕೆ. ಉದ್ಘಾಟನೆಯ ದಿನ ಗಣ್ಯರು, ಮೀನು ಮಾರುವವರೇ ದೀಪ ಹಚ್ಚಲಿ ಎಂದು ಹಿರಿಯಳಾದ ದೇವಮ್ಮನನ್ನು ಕರೆದಿದ್ದರು. ದೇವಮ್ಮ ವಿಧವೆ. ಗಂಡ ಸತ್ತವಳು ದೀಪ ಹಚ್ಚಿದ ಮೇಲೆ ಕಟ್ಟಡ ನಿಲ್ಲುವುದುಂಟೇ?

ಇದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಯಾರಿಗೆ ಉಪಯೋಗವಾಯಿತು ಎಂಬುದು ಮಾತ್ರ ಗೊತ್ತು. ಅಷ್ಟು ದೊಡ್ಡ ಸ್ಲ್ಯಾಬನ್ನು ಇಳಿಸುವ ಶಕ್ತಿ ದೇವಮ್ಮನಿಗಿದ್ದರೆ, ಅದನ್ನು ಎತ್ತಲು ಕ್ರೇನ್ ಯಾಕೆ ತರಿಸಿದರು? ಅವಳನ್ನೇ ಕರೆಯಬಹುದಿತ್ತಲ್ಲ.

ಕೆಲವು ದಿನಗಳ ಮೇಲೆ ಅವಳು ರಸ್ತೆ ಬದಿ ಒಬ್ಬಳೇ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಉಳಿದ ಹೆಂಗಸರು ದೂರದಲ್ಲಿ, ಸಾಲಾಗಿ.

"ನಾ ಒಲ್ಲೆ ಅಂದಿದ್ದೆ ಮಾಸ್ತರ್ರೆ. ಹಚ್ಚೂಕೆ ಹೇಳ್ದವ್ರು ಅವ್ರೇ. ಕೈ ಹಿಡ್ದು ಹಚ್ಚಿಸ್ದ್ರು, ಫೋಟೋನೂ ಹೊಡ್ದ್ರು. ಈಗ ತಂಗೀನ ತಿಂದವ್ಳು ನಾನು."

"ನೀನೂ ಅದನ್ನ ನಂಬ್ತೀಯೇನೆ?"

"ನಾ ನಂಬ್ದೇ ಇದ್ರೆ ಎಂತ ಆತು? ನನ್ ಬದಿಗೆ ಯಾರೂ ಕೂರೂದಿಲ್ಲ. ಹೊಸ ಶೆಡ್ ಕಟ್ತ್ರಂತೆ. ಅದ್ರಲ್ಲಿ ನಂಗೊಂದು ಜಾಗ ಕೊಡ್ಸಿ. ಮೂಲೆ ಆದ್ರೂ ಅಡ್ಡಿಲ್ಲ."

ಮಾರುಕಟ್ಟೆ ಸಮಿತಿಯ ಸಭೆಗೆ ಹೋದೆ. ಚಿಪ್ಪಿಯ ವಿಷಯ ವಿವರವಾಗಿ ಹೇಳಿದೆ. ಅಧ್ಯಕ್ಷರು ಬಹಳ ಗೌರವದಿಂದ ಕೇಳಿಸಿಕೊಂಡರು. (ಅಲ್ಲೇ ಅನುಮಾನ ಬರಬೇಕಿತ್ತು.)

"ಮಾಸ್ತರ್ರೆ, ಚಿಪ್ಪಿ ತನಿಖೆಗೆ ಬಿಟ್ಟಿದ್ದು. ಜಾಗ ಕೊಡೂದು ಜನರ ಭಾವನೆಗೆ ಬಿಟ್ಟಿದ್ದು. ಹೆಂಗಸ್ರೇ ಬೇಡ ಅಂತ್ರಲ್ಲ, ನಾವೆಂತ ಮಾಡೂದು?"

ದೇವಮ್ಮನನ್ನು ದೀಪದ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿದವರಲ್ಲಿ ಇವರೇ ಮೊದಲಿಗರು. ನೆನಪಿಸಿದೆ. ಅವರು ನನಗೆ ಚಾ ತರಿಸಿದರು.

ಹೊಸ ಶೆಡ್ಡಿನ ಕೆಲಸ ಶುರುವಾಗಿದೆ. ಕಾಂಟ್ರಾಕ್ಟರ್ ಅವನೇ. ದೇವಮ್ಮ ಈಗ ಭಾವಿಕೇರಿಯ ಕಡೆ ಬುಟ್ಟಿ ಹೊತ್ತು ಮನೆಮನೆಗೆ ತಿರುಗಿ ಮೀನು ಮಾರುತ್ತಾಳೆ.