ಮಾಗಳಕ್ಕೆ ಮಾಡದ ಫೋನು

ಅಕ್ಕಾ, ನಿಮ್ಮ ತಮ್ಮ — ನನ್ನ ಗಂಡ — ನಿಮ್ಮ ಮುಖ ನೋಡದೆ ಹೋದದ್ದು ನನ್ನಿಂದ. ಅವರ ಹಟದಿಂದಲ್ಲ.

ನಮ್ಮ ಮಗಳನ್ನು ನಿಮ್ಮ ಮಗನಿಗೆ ಕೊಡಲಿಲ್ಲವೆಂದು ನೀವು ಮಾಗಳದಲ್ಲಿ, ನಾವು ಕಾನಹೊಸಹಳ್ಳಿಯಲ್ಲಿ ಮಾತು ಬಿಟ್ಟು ಕುಳಿತಿದ್ದೆವಲ್ಲ — ಆಗಲೇ ಅವರಿಗೆ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿತ್ತು. ದಾವಣಗೆರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು: ಅನ್ನನಾಳದ ಕ್ಯಾನ್ಸರ್, ಲಿವರಿಗೂ ಹರಡಿದೆ, ಆಪರೇಷನ್ ಆಗುವುದಿಲ್ಲ. ಕೀಮೋ, ಅದರ ಜೊತೆಗೆ ಮೈಯ ಶಕ್ತಿಯನ್ನೇ ರೋಗದ ಮೇಲೆ ಎಬ್ಬಿಸುವ ಇನ್ನೊಂದು ಇಂಜೆಕ್ಷನ್, ನುಂಗಲು ದಾರಿಯಾಗಲೆಂದು ಒಂದಿಷ್ಟು ರೇಡಿಯೇಷನ್ ಕರೆಂಟು — ಕೂಡಿಸಿ ಕೊಟ್ಟರೆ ಕೆಲವು ತಿಂಗಳು ಸಿಗಬಹುದು. ವಾಸಿಯಾಗುವುದಿಲ್ಲ. ಅವರಿಗೂ ತಿಳಿಸಿ, ಎಂದರು.

ಒಳಗೆ ಹೋಗಿ, "ಎಲ್ಲಾ ಕೂಡಿಸಿ ಕೊಟ್ರ ಪೂರಾ ಆರಾಮ ಆಕ್ಕತಂತ್ರಿ," ಎಂದೆ.

ಅವರು ನಂಬಿದರು. ವಾಂತಿ, ಬಾಯಿಹುಣ್ಣು, ಉದುರಿದ ಕೂದಲು — ಎಲ್ಲ ಸಹಿಸಿದರು. ಒಂದಿಷ್ಟು ದಿನ ಗಂಜಿ ಸಲೀಸಾಗಿ ಇಳಿಯಿತು. ಆಗಲೇ ಕೇಳಿದ್ದು, "ಅಕ್ಕನ್ನ ನೋಡಿ ಬರೂಣೇನು?"

"ಪೂರಾ ಆರಾಮಾದ ಮ್ಯಾಲೆ ಹೋಗೂಣು ತಗೋರಿ," ಎಂದೆ. ನಿಮ್ಮ ಕಣ್ಣೀರು ಕಂಡರೆ ಅವರಿಗೆ ತಿಳಿದುಬಿಡುತ್ತದೆ ಎಂಬ ಭಯ. ಅಥವಾ ನನ್ನ ಸುಳ್ಳು ಬಯಲಾಗುತ್ತದೆಂದೋ...

ನೀವಾಗಿ ಫೋನ್ ಮಾಡಿದ ದಿನ ಅವರ ಕೈಗೆ ಡ್ರಿಪ್ ಹಾಕಿತ್ತು. "ತಮ್ಮ ಹೆಂಗದಾನವಾ?" ಎಂದಿರಿ. ವಾರ್ಡಿನ ಹೊರಗೆ ನಿಂತು, "ಚೆಂದದಾರಕ್ಕ, ಗಿರಣ್ಯಾಗದಾರ," ಎಂದೆ. ಹಿಟ್ಟಿನ ಗಿರಣಿಗೆ ಬೀಗ ಹಾಕಿ ತಿಂಗಳುಗಳಾಗಿದ್ದವು.

ಆಮೇಲೆ ಯಾವ ಔಷಧವೂ ಹಿಡಿಯಲಿಲ್ಲ. ನೀರೂ ಇಳಿಯದಾದಾಗ ಮನೆಗೆ ಕರೆತಂದೆವು.

"ಅಕ್ಕಗ ಹೇಳಿ ಕಳಿಸು."

"ಹೇಳೀನ್ರಿ. ಬರಾಕತ್ಯಾರ."

ಹೇಳಿರಲಿಲ್ಲ. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ನೀವು ಕೇಳಿದರೆ — ಅದೊಂದಕ್ಕೆ ಹೆದರಿ ಫೋನು ಎತ್ತಿಕೊಂಡವಳು ಕೆಳಗಿಟ್ಟೆ. ಮರುದಿನವೂ. ಅವರು ಬಾಗಿಲ ಕಡೆಗೇ ಮುಖ ಮಾಡಿ ಮಲಗಿರುತ್ತಿದ್ದರು. ಮಗ್ಗುಲು ಬದಲಿಸಿದರೂ ಮತ್ತೆ ಆ ಕಡೆಗೇ ಹೊರಳುತ್ತಿದ್ದರು.

ಅವರ ಮಣ್ಣಿಗೆ ಬಂದಾಗ ನೀವು ನನ್ನ ಕೈ ಹಿಡಿದು ಕೇಳಿದಿರಿ: "ನನ್ಮ್ಯಾಲ ಅಷ್ಟು ಸಿಟ್ಟಿತ್ತೇನವಾ ಅವಂಗ?" ನಾನು ತಲೆ ತಗ್ಗಿಸಿದೆ. ಅದನ್ನೇ ಹೌದೆಂದು ತಿಳಿದು ಹೋದಿರಿ, ವರ್ಷಗಟ್ಟಲೆ ಅದನ್ನೇ ಹೊತ್ತುಕೊಂಡಿದ್ದೀರಿ.

ಸಿಟ್ಟಿರಲಿಲ್ಲ, ಅಕ್ಕಾ. ಗುಣವಾಗುತ್ತೇನೆಂದು ಅವರು ಎಲ್ಲಿಯವರೆಗೆ ನಂಬಿದ್ದರೋ ನನಗೆ ಗೊತ್ತಿಲ್ಲ. ನೀವು ಬರುತ್ತೀರೆಂದು ಮಾತ್ರ ಕೊನೆಯವರೆಗೂ ನಂಬಿದ್ದರು.